ಗಾಡಿ ಎದ್ದಿತು, ಅತ್ತೆ ಸೊಂಟ ಕೂತಿತು

ಓಮ್ನಿ ವ್ಯಾನಿಗೆ ಮಂಚ, ಒಲೆ ಹಾಕಿಸ್ಕೊಂಡು ಊರೂರು ಸುತ್ತೋದು ನಮ್ಮನೆಯವ್ರ ಹುಚ್ಚು. ಹಿಂದುಗಡೆ ಗಾಡಿ ಕೂತಿದೆ ಅಂತ ಶಿವಾಜಿನಗರದಲ್ಲಿ ಎರಡೂ ಕಡೆ ಒಂದೊಂದು ಸ್ಪ್ರಿಂಗ್ ಪಟ್ಟಿ ಜಾಸ್ತಿ ಹಾಕಿಸಿದ್ರು. ನೋಡೋಕೆ ಚೆಂದ. ಆದ್ರೆ ಹಲಸೂರು ದಾಟಿ ಕೆ.ಆರ್. ಪುರಂ ಸೇರೋಷ್ಟ್ರಲ್ಲಿ ಹಿಂದೆ ಕೂತಿದ್ದ ನಮ್ಮತ್ತೆ ಸೊಂಟ ಹಿಡ್ಕೊಂಡ್ರು. ಕೋಲಾರಕ್ಕೆ ಹೊರಟವ್ರು ವಾಪಸ್ ಮನೆಗೆ!

ಅಲ್ರೀ, ಭಾರ ಹೊರೋದು ಪಟ್ಟಿ, ಅದರ ಕುಣಿತ ತಡೆಯೋದು ಶಾಕ್ ಅಬ್ಸಾರ್ಬರ್. ಪಟ್ಟಿ ಬಿಗಿ ಮಾಡಿ, ಎಣ್ಣೆ ಸೋರೋ ಹಳೇ ಶಾಕನ್ನೇ ಬಿಟ್ರೆ ಗಾಡಿ ಕುಣೀದೆ ಇನ್ನೇನು ಮಾಡುತ್ತೆ? ಪಟ್ಟಿ ಎಷ್ಟೇ ಸೇರಿಸಿ, ಬ್ರೇಕು, ಟೈರು ಅವೇ ತಾನೇ? ಆರ್‌ಸಿಲಿ ಬರೆದಿರೋ ತೂಕವೂ ಅಷ್ಟೇ.

"ಭಾರ ಜಾಸ್ತಿ, ಅದಕ್ಕೇ ಹಾಕಿಸ್ದೆ" ಅಂತಾರೆ. ಹಾಗಾದ್ರೆ ಭಾರ ಇಳಿಸಿ! 20 ಲೀಟರ್ ನೀರಿನ ಕ್ಯಾನ್ ಅಂದ್ರೆ 20 ಕೆಜಿ. ಅಂಥವು ನಾಲ್ಕು ಯಾಕೆ? ಕೋಲಾರದಲ್ಲಿ ನೀರು ಸಿಗಲ್ವಾ? ಸಾಮಾನು ತುಂಬೋಳು ನಾನು, ನನ್ನನ್ನ ಯಾರೂ ಒಂದು ಮಾತು ಕೇಳ್ಲಿಲ್ಲ.

ಮೊದ್ಲು ಸಾಮಾನು ತೂಗಿ. ಆಮೇಲೆ ಶಾಕ್ ಜೋಡಿಯಾಗಿ ಬದಲಾಯಿಸಿ. ಪಟ್ಟಿ ಕೊನೇಗೆ. ಗಾಡಿ ಇರೋದು ಬೀದಿಯೋರ ಕಣ್ಣಿಗಲ್ಲ, ಒಳಗೆ ಕೂತೋರ ಸುಖಕ್ಕೆ.