ಆಯ್ಕೆ ಯಾರದು?

ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಪ್ರಸಂಗ ಕೇಳಿದ ಇಬ್ಬರಲ್ಲಿ ಒಬ್ಬನು ನಂಬುತ್ತಾನೆ, ಇನ್ನೊಬ್ಬನು ಹಾಗೆಯೇ ಎದ್ದು ಹೋಗುತ್ತಾನೆ. ಈ ವ್ಯತ್ಯಾಸ ಎಲ್ಲಿಂದ ಬಂತು? ಲೋಕ ಹುಟ್ಟುವ ಮೊದಲೇ ದೇವರು ಹಾಗೆ ನೇಮಿಸಿದ್ದನೇ, ಅಥವಾ ಆ ಇಬ್ಬರ ಮನಸ್ಸುಗಳು ತಾವಾಗಿ ಬೇರೆ ಬೇರೆ ದಾರಿ ಹಿಡಿದವೇ? ಕ್ರೈಸ್ತ ದೇವಶಾಸ್ತ್ರದಲ್ಲಿ ಇದು ಇತ್ಯರ್ಥವಾಗದೆ ಉಳಿದಿರುವ ಹಳೆಯ ವ್ಯಾಜ್ಯ. 5ನೇ ಶತಮಾನದಲ್ಲಿ ಕೃಪೆಯನ್ನೇ ಮುಂದಿಟ್ಟ ಅಗಸ್ಟೀನ್ ಮತ್ತು ಮನುಷ್ಯನ ಸ್ವಂತ ಸಾಮರ್ಥ್ಯವನ್ನು ಎತ್ತಿಹಿಡಿದ ಪೆಲಾಜಿಯಸ್ ಇದಕ್ಕಾಗಿ ಎದುರುಬದುರಾದರು. 1524ರಲ್ಲಿ ಎರಾಸ್ಮಸ್ ಇಚ್ಛಾಸ್ವಾತಂತ್ರ್ಯದ ಪರ ಬರೆದರೆ, ಮರುವರ್ಷವೇ ಲೂಥರ್ ಮನುಷ್ಯನ ಇಚ್ಛೆ ಬಂಧಿತವಾದುದೆಂದು ಉತ್ತರ ಕೊಟ್ಟ. ಆದರೆ ಎರಡೂ ಪಕ್ಷಗಳ ವಾದ ಅತ್ಯಂತ ಕೂಲಂಕಷವಾಗಿ ದಾಖಲಾದದ್ದು ನೆದರ್ಲೆಂಡ್ಸ್‌ನಲ್ಲಿ, 1618–19ರ ಡಾರ್ಟ್ ಸಿನೋಡ್ ಎಂಬ ಸಭಾಪರಿಷತ್ತಿನ ಸುತ್ತಮುತ್ತ. ವಿಷಯವನ್ನು ತೂಗಿ ನೋಡಲು ಅದೇ ಸೂಕ್ತವಾದ ಕಟ್ಟೆ.

ಪ್ರತಿವಾದಿ ಹೊರಗಿನವನಾಗಿರಲಿಲ್ಲ. ಯಾಕೋಬಸ್ ಅರ್ಮೀನಿಯಸ್ ಜಿನೀವಾದಲ್ಲಿ, ಪೂರ್ವನೇಮಕವನ್ನು ಬೋಧಿಸಿದ ಸುಧಾರಕ ಕ್ಯಾಲ್ವಿನನ ಉತ್ತರಾಧಿಕಾರಿ ಬೇಜಾನ ಬಳಿಯೇ ಓದಿದವನು. ಆಮ್‌ಸ್ಟರ್‌ಡ್ಯಾಮಿನಲ್ಲಿ ಸಭಾಪಾಲಕನಾಗಿದ್ದು, 1603ರಲ್ಲಿ ಲೈಡನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾದ. ಅಲ್ಲಿ ಸಹೋದ್ಯೋಗಿ ಫ್ರಾನ್ಸಿಸ್ಕಸ್ ಗೊಮಾರಸ್‌ನೊಡನೆ ಅವನ ಭಿನ್ನಾಭಿಪ್ರಾಯ ಬೆಳೆಯಿತು. 1609ರಲ್ಲಿ ಅವನು ತೀರಿಕೊಂಡ. ಮರುವರ್ಷ ಅವನ ಬೆಂಬಲಿಗರು ಐದು ಅಂಶಗಳ ಅಹವಾಲೊಂದನ್ನು ಪ್ರಾಂತ್ಯದ ಆಡಳಿತಕ್ಕೆ ಸಲ್ಲಿಸಿದರು. ನಂಬುವವರನ್ನು ರಕ್ಷಿಸಬೇಕೆಂಬುದೇ ದೇವರ ಸಂಕಲ್ಪ. ಕ್ರಿಸ್ತನು ಸತ್ತದ್ದು ಎಲ್ಲರಿಗಾಗಿ. ಕೃಪೆಯಿಲ್ಲದೆ ಮನುಷ್ಯ ಒಳ್ಳೆಯದನ್ನು ಮಾಡಲಾರ. ಆದರೆ ಆ ಕೃಪೆಯನ್ನು ಅವನು ತಳ್ಳಿಹಾಕಬಲ್ಲ. ಒಮ್ಮೆ ನಂಬಿದವನು ಬಿದ್ದುಹೋಗಬಹುದೇ ಎಂಬುದನ್ನು ಇನ್ನೂ ಪರಿಶೀಲಿಸಬೇಕು. ಸಿನೋಡ್ ಕೊಟ್ಟ ಉತ್ತರವೇ ಮುಂದೆ ಕ್ಯಾಲ್ವಿನ್ ಪಂಥದ ಐದು ಸೂತ್ರಗಳೆಂದು ಹೆಸರಾಯಿತು.

ಪೂರ್ವನೇಮಕದ ಪಕ್ಷವನ್ನು ಅದರ ಅತಿ ಬಲವಾದ ಜಾಗದಲ್ಲಿಯೇ ನೋಡಬೇಕು. ರೋಮಾಪುರದವರಿಗೆ ಬರೆದ ಪತ್ರಿಕೆಯ 9ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲನು ಅವಳಿ ಸೋದರರಾದ ಯಾಕೋಬ ಏಸಾವರ ಮಾತೆತ್ತುತ್ತಾನೆ. ಅವರು ಹುಟ್ಟುವ ಮೊದಲೇ, ಒಳ್ಳೆಯದನ್ನಾಗಲಿ ಕೆಟ್ಟದ್ದನ್ನಾಗಲಿ ಮಾಡುವ ಮೊದಲೇ ಆಯ್ಕೆ ನಡೆದಿತ್ತು ಎಂಬುದು ಅವನ ನಿಲುವು. ಹಾಗಾದರೆ ದೇವರಲ್ಲಿ ಅನ್ಯಾಯವಿದೆಯೇ ಎಂಬ ಆಕ್ಷೇಪವನ್ನು ತಾನೇ ಮುಂದಿಟ್ಟು, ಕುಂಬಾರನಿಗೆ ಮಣ್ಣಿನ ಮೇಲಿರುವ ಅಧಿಕಾರವನ್ನು ತೋರಿಸಿ ಬಾಯಿ ಮುಚ್ಚಿಸುತ್ತಾನೆ. ಯಾರು ನಂಬುವರೆಂದು ಮುಂಚೆ ಕಂಡು ಅಂಥವರನ್ನೇ ದೇವರು ಆರಿಸಿದ್ದರೆ, ಅನ್ಯಾಯದ ಈ ಆಕ್ಷೇಪ ಏಳುತ್ತಲೇ ಇರಲಿಲ್ಲ. ಪೌಲನು ಒಂದು ಸಾಲಿನಲ್ಲಿ ಉತ್ತರಿಸಿ ಮುಂದೆ ಹೋಗಬಹುದಿತ್ತು. ಆಕ್ಷೇಪ ಎದ್ದಿದೆ ಎಂಬುದೇ ಅವನು ಹೇಳುತ್ತಿದ್ದುದು ಕಟುವಾದ ಸಂಗತಿ ಎಂಬುದಕ್ಕೆ ಸಾಕ್ಷಿ. ಈ ವಾದವನ್ನು ಹಗುರವಾಗಿ ಕಾಣುವಂತಿಲ್ಲ.

ಇದಕ್ಕೆ ಇನ್ನೊಂದು ಎಳೆ ಕೂಡಿಕೊಳ್ಳುತ್ತದೆ. ಬೆಂಚಿನ ಮೇಲಿದ್ದ ಆ ಇಬ್ಬರಿಗೂ ದೇವರು ಸಮಾನವಾದ ಕೃಪೆಯನ್ನೇ ಕೊಟ್ಟಿದ್ದರೆ, ನಂಬಿದವನು ನಂಬದವನಿಗಿಂತ ಭಿನ್ನನಾದದ್ದು ಕೊನೆಗೂ ತನ್ನಿಂದಲೇ ಎಂದಾಗುತ್ತದೆ. ಆಗ ರಕ್ಷಣೆಯ ಲೆಕ್ಕದಲ್ಲಿ ಒಂದು ಸಣ್ಣ ಮೊತ್ತವಾದರೂ ಮನುಷ್ಯನ ಹೆಸರಿಗೆ ಜಮೆಯಾಗುತ್ತದೆ, ಹೆಚ್ಚಳಪಡಲು ಎಡೆಯಾಗುತ್ತದೆ. ಅಗಸ್ಟೀನನನ್ನು ಕಾಡಿದ್ದು ಮುಖ್ಯವಾಗಿ ಇದೇ. ಅಲ್ಲದೆ, ದಾರಿ ತಪ್ಪಿದ ಮಗನ ಮನಸ್ಸನ್ನು ತಿರುಗಿಸು ಎಂದು ತಾಯಿಯೊಬ್ಬಳು ಮೊಣಕಾಲೂರಿ ಬೇಡುವಾಗ, ದೇವರು ಮನಸ್ಸನ್ನೇ ತಿರುಗಿಸಬಲ್ಲನೆಂದು ಆಕೆ ಒಪ್ಪಿಯೇ ಬೇಡುತ್ತಾಳೆ. ಸುಮ್ಮನೆ ಅವಕಾಶ ಕೊಡು ಎಂದಷ್ಟೇ ಯಾವ ತಾಯಿಯೂ ಕೇಳಲಾರಳು.

ಎದುರು ಪಕ್ಷದ ಉತ್ತರವೂ ಧರ್ಮಗ್ರಂಥದಿಂದಲೇ ಹೊರಡುತ್ತದೆ. ರೋಮಾಪುರದ ಪತ್ರಿಕೆಯ ಆ ಅಧ್ಯಾಯದಲ್ಲಿ ಪೌಲನ ಚಿಂತೆ ಇರುವುದು ಇಸ್ರಾಯೇಲ್ ಜನಾಂಗ ಮತ್ತು ಅನ್ಯಜನರ ಕುರಿತು. ಯಾಕೋಬ ಏಸಾವರು ಎರಡು ಜನಾಂಗಗಳ ಮೂಲಪುರುಷರು. ಅಲ್ಲಿಂದ ಒಬ್ಬೊಬ್ಬ ವ್ಯಕ್ತಿಯ ನಿತ್ಯ ಗತಿಯನ್ನು ತೆಗೆಯುವುದು ಪಠ್ಯಕ್ಕೆ ಮೀರಿದ ಭಾರ ಹೊರಿಸಿದಂತೆ ಎಂಬುದು ಅವರ ವಾದ. ಅದೇ ಪೌಲನ ಹೆಸರಿನಲ್ಲಿರುವ ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆ, ಎಲ್ಲ ಮನುಷ್ಯರೂ ರಕ್ಷಣೆ ಹೊಂದಬೇಕೆಂಬುದು ದೇವರ ಚಿತ್ತವೆಂದು ಹೇಳುತ್ತದೆ. ಯೆರೂಸಲೇಮಿನ ಮಕ್ಕಳನ್ನು ಕೂಡಿಸಲು ತಾನು ಬಯಸಿದರೂ ಅವರು ಒಪ್ಪಲಿಲ್ಲವೆಂದು ಯೇಸು ಮರುಗುತ್ತಾನೆ. ಒಪ್ಪದಿರುವಂತೆ ನೇಮಿಸಿದವನೇ ಒಪ್ಪಲಿಲ್ಲವೆಂದು ಮರುಗಿದರೆ ಆ ಮರುಕಕ್ಕೆ ಏನರ್ಥ? ಪಶ್ಚಾತ್ತಾಪಪಡಿರಿ ಎಂಬ ಆಜ್ಞೆಗೆ, ಪಡದವರಿಗೆ ವಿಧಿಸುವ ತೀರ್ಪಿಗೆ, ಪಡಲು ಒಂದು ದಾರಿಯಾದರೂ ಇರಬೇಡವೇ? ಎಲ್ಲಕ್ಕಿಂತ ಮಿಗಿಲಾಗಿ, ಪಾಪವೂ ನೇಮಕದೊಳಗೇ ಬಂದರೆ ದೇವರೇ ಪಾಪದ ಕರ್ತನಾಗುತ್ತಾನೆ. ಅರ್ಮೀನಿಯಸ್ ಹೆದರಿದ್ದು ಮನುಷ್ಯನ ಘನತೆ ಕುಂದೀತೆಂದು ಮಾತ್ರವಲ್ಲ, ದೇವರ ಒಳ್ಳೆಯತನಕ್ಕೆ ಕಳಂಕ ತಗುಲೀತೆಂದು.

ಹೆಚ್ಚಳದ ಪ್ರಶ್ನೆಗೂ ಅವನ ಬಳಿ ಉತ್ತರವಿತ್ತು. ಧನಿಕನ ದಾನಕ್ಕೆ ಭಿಕ್ಷುಕನು ಕೈ ಚಾಚಿದ ಮಾತ್ರಕ್ಕೆ ಆ ದಾನ ದಾನವಲ್ಲದೆ ಹೋಗುತ್ತದೆಯೇ ಎಂದು ಅವನು ಕೇಳಿದ. ಸಿನೋಡಿನ ಪಕ್ಷ ಅದಕ್ಕೆ ಮರುಪ್ರಶ್ನೆ ಹಾಕುತ್ತದೆ: ಕೈ ಸತ್ತಿದ್ದರೆ? ವ್ಯಾಜ್ಯದ ತಿರುಳು ಇಲ್ಲಿದೆ. ಪಾಪದಿಂದ ಮನುಷ್ಯನ ಇಚ್ಛೆ ಎಷ್ಟು ಕೆಟ್ಟಿದೆ, ಮತ್ತು ಕೈ ಚಾಚುವಷ್ಟು ಮಟ್ಟಿಗೆ ಅದನ್ನು ಎಬ್ಬಿಸುವ ಕೃಪೆ ಎಲ್ಲರಿಗೂ ಸಿಗುತ್ತದೆಯೇ, ಕೆಲವರಿಗೇ ಸಿಗುತ್ತದೆಯೇ ಎಂಬುದಷ್ಟೇ ನಿಜವಾದ ಭಿನ್ನಮತ. ಕೃಪೆ ಮೊದಲು ಬರಬೇಕೆಂಬುದನ್ನು ಇಬ್ಬರೂ ಒಪ್ಪುತ್ತಾರೆ. ಆದ್ದರಿಂದ ಅರ್ಮೀನಿಯಸ್‌ನನ್ನು ಪೆಲಾಜಿಯಸ್‌ನ ಶಿಷ್ಯನೆಂದು ಕರೆಯುವುದು ನ್ಯಾಯವಲ್ಲ.

ಹಾಗೆಯೇ ಡಾರ್ಟ್‌ನವರನ್ನು ಹಣೆಬರಹವಾದಿಗಳೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಕೃಪೆಯು ಮನುಷ್ಯನನ್ನು ಕಲ್ಲು ಮರದಂತೆ ನಡೆಸಿಕೊಳ್ಳುವುದಿಲ್ಲ, ಅವನ ಇಚ್ಛೆಯನ್ನು ಅಳಿಸದೆ ಗುಣಪಡಿಸುತ್ತದೆ ಎಂದು ಅವರ ಸೂತ್ರಗಳೇ ಹೇಳುತ್ತವೆ. ಕ್ರಿಸ್ತನ ಮರಣದ ಬೆಲೆ ಇಡೀ ಲೋಕಕ್ಕೆ ಸಾಕಾಗುವಷ್ಟಿದೆ ಎಂದೂ ಒಪ್ಪುತ್ತವೆ. ಬೈಬಲಿನ ಕಥೆಯಲ್ಲಿ ಯೋಸೇಫನನ್ನು ಅಣ್ಣಂದಿರು ಮಾರಿದ್ದು ಕೇಡಿನ ಮನಸ್ಸಿನಿಂದ, ಅದೇ ಘಟನೆಯಲ್ಲಿ ದೇವರ ಉದ್ದೇಶ ಒಳಿತು. ಒಂದೇ ಕೃತ್ಯಕ್ಕೆ ಎರಡು ಇಚ್ಛೆಗಳು ಕಾರಣವಾಗಬಹುದು, ಹೊಣೆ ಮಾತ್ರ ಬೇರೆ ಬೇರೆ ಎಂಬುದು ಅವರ ವಿವರಣೆ. ಮಧ್ವಮತದ ಜೀವತಾರತಮ್ಯವನ್ನು ಬಲ್ಲ ಕನ್ನಡ ಓದುಗರಿಗೆ ಈ ಚರ್ಚೆ ಪರಿಚಿತವೆನಿಸಬಹುದು. ಆದರೆ ಹೋಲಿಕೆಯನ್ನು ದೂರ ಎಳೆಯುವಂತಿಲ್ಲ. ಅಲ್ಲಿ ಜೀವದ ಯೋಗ್ಯತೆ ಅನಾದಿ. ಇಲ್ಲಿ ಆತ್ಮವನ್ನು ದೇವರು ಶೂನ್ಯದಿಂದ ಸೃಷ್ಟಿಸುತ್ತಾನೆ. ಹಾಗಾಗಿ ಇವನನ್ನೇಕೆ ಹೀಗೆ ಮಾಡಿದೆ ಎಂಬ ಪ್ರಶ್ನೆ ಕ್ರೈಸ್ತರ ದೇವರಿಗೆ ಹೆಚ್ಚು ನೇರವಾಗಿ ತಗಲುತ್ತದೆ.

ಮುನ್ನರಿವಿನ ಮೊರೆಹೊಕ್ಕರೆ ಈ ಪ್ರಶ್ನೆಯಿಂದ ಪಾರಾಗಬಹುದೆಂದು ಇಚ್ಛಾಸ್ವಾತಂತ್ರ್ಯದ ಪಕ್ಷದವರಲ್ಲಿ ಹಲವರು ಭಾವಿಸಿದ್ದಾರೆ. ದೇವರು ನೇಮಿಸುವುದಿಲ್ಲ, ಮುಂಚೆ ಕಾಣುತ್ತಾನೆ ಅಷ್ಟೆ. ಕಂಡ ಮಾತ್ರಕ್ಕೆ ಕಾರಣನಾಗುವುದಿಲ್ಲ. 6ನೇ ಶತಮಾನದ ಬೊಯೆಥಿಯಸ್ ಇನ್ನೂ ಸೂಕ್ಷ್ಮವಾಗಿ, ನಿತ್ಯನಾದ ದೇವರಿಗೆ ಎಲ್ಲ ಕಾಲವೂ ವರ್ತಮಾನವೇ ಎಂದ. ಸ್ಪೇನಿನ ಜೆಸ್ಯೂಟ್ ಲೂಯಿಸ್ ದೆ ಮೊಲಿನಾ 1588ರಲ್ಲಿ ಮತ್ತೊಂದು ಹೆಜ್ಜೆ ಮುಂದಿಟ್ಟ: ಯಾವ ಸನ್ನಿವೇಶದಲ್ಲಿ ಯಾರು ಸ್ವತಂತ್ರವಾಗಿ ಏನು ಮಾಡುವರೆಂಬುದನ್ನೂ ದೇವರು ಬಲ್ಲ, ಅದನ್ನರಿತೇ ಈ ಲೋಕವನ್ನು ಸೃಷ್ಟಿಸಿದ. ಚತುರವಾದ ಪರಿಹಾರ, ನಿಜ. ಆದರೆ ಇವನು ನಂಬದೆ ನಾಶವಾಗುವನೆಂದು ಖಚಿತವಾಗಿ ತಿಳಿದೂ ದೇವರು ಅವನನ್ನು ಸೃಷ್ಟಿಸಿದ್ದಾದರೆ, ಕಷ್ಟ ಕರಗಲಿಲ್ಲ; ನೇಮಕದಿಂದ ಸೃಷ್ಟಿಗೆ ಜಾಗ ಬದಲಾಯಿಸಿತು. ಇದನ್ನು ಕಂಡೇ ಇತ್ತೀಚಿನ ಕೆಲವು ದೇವಶಾಸ್ತ್ರಜ್ಞರು, ಮನುಷ್ಯರ ಮುಂದಿನ ಸ್ವತಂತ್ರ ಆಯ್ಕೆಗಳು ದೇವರಿಗೂ ಖಚಿತವಾಗಿ ತಿಳಿದಿರುವುದಿಲ್ಲ ಎನ್ನುವವರೆಗೆ ಹೋಗಿದ್ದಾರೆ. ಅದಕ್ಕೆ ತೆರಬೇಕಾದ ಬೆಲೆ ಬಹಳ ದುಬಾರಿಯೆಂದು ಎರಡೂ ಪಕ್ಷಗಳ ಬಹುಪಾಲು ಜನರ ಅಭಿಪ್ರಾಯ.

ಬಾಳಿನಲ್ಲಿ ಈ ತತ್ತ್ವಗಳು ಹೇಗೆ ಫಲಿಸಿದವು ಎಂಬ ಪರೀಕ್ಷೆಯೂ ತಕ್ಕಡಿಯನ್ನು ಒಂದು ಕಡೆಗೆ ವಾಲಿಸುವುದಿಲ್ಲ. ಪೂರ್ವನೇಮಕ ಹತಾಶೆ ತರುತ್ತದೆಂಬುದಕ್ಕೆ ಇಂಗ್ಲಿಷ್ ಕವಿ ವಿಲಿಯಂ ಕೌಪರ್‌ನ ಉದಾಹರಣೆ ಕೊಡುವುದುಂಟು. 1773ರಿಂದ 1800ರಲ್ಲಿ ಸಾಯುವವರೆಗೂ ದೇವರು ತನ್ನನ್ನು ತಿರಸ್ಕರಿಸಿದ್ದಾನೆಂಬ ಭಾವ ಅವನನ್ನು ಬಿಡಲಿಲ್ಲ. ಆದರೆ ಅವನ ಮನೋವ್ಯಾಧಿ ಆ ಮತವನ್ನು ಒಪ್ಪುವುದಕ್ಕೂ ಮೊದಲೇ, 1763ರಲ್ಲೇ ತೀವ್ರವಾಗಿ ಕಾಣಿಸಿತ್ತು. ತತ್ತ್ವ ಆ ವ್ಯಾಧಿಗೆ ಮಾತು ಕೊಟ್ಟಿರಬಹುದು, ಹುಟ್ಟಿಸಿತೆನ್ನಲಾಗದು. ಇತ್ತ, ಎಲ್ಲವೂ ತನ್ನ ನಿರ್ಧಾರದ ಮೇಲೆಯೇ ನಿಂತಿದೆ ಎಂದು ನಂಬಿದವನು ಆ ನಿರ್ಧಾರ ಗಟ್ಟಿಯಾಗಿತ್ತೇ ಎಂದು ಮತ್ತೆ ಮತ್ತೆ ತನ್ನೊಳಗನ್ನೇ ತಡವಿಕೊಳ್ಳುವ ಸಂಕಟವೂ ಕಡಿಮೆಯದಲ್ಲ.

ಆಯ್ಕೆ ಮೊದಲೇ ಆಗಿದ್ದರೆ ಸುವಾರ್ತೆ ಸಾರುವ ಶ್ರಮವೇಕೆ ಎಂಬ ಆಕ್ಷೇಪವನ್ನಂತೂ ಇತಿಹಾಸವೇ ಸಡಿಲಗೊಳಿಸಿದೆ. 1793ರಲ್ಲಿ ಬಂಗಾಳಕ್ಕೆ ಬಂದಿಳಿದ ವಿಲಿಯಂ ಕ್ಯಾರಿ ಪೂರ್ವನೇಮಕವನ್ನು ನಂಬುವ ಬ್ಯಾಪ್ಟಿಸ್ಟ್. 1817ರಲ್ಲಿ ಶ್ರೀರಾಮಪುರದಲ್ಲಿ ಕನ್ನಡ ವ್ಯಾಕರಣವನ್ನೂ ಅಚ್ಚು ಮಾಡಿಸಿದವನು. ಮೈಸೂರಿನಲ್ಲಿ ಶಾಲೆ, ಮುದ್ರಣಾಲಯ ನಡೆಸಿದ ವೆಸ್ಲಿಯನ್ ಮಿಷನರಿಗಳು ಅರ್ಮೀನಿಯಸ್‌ನ ದಾರಿಯವರು. ನಮ್ಮ ಭಾಷೆಗೆ ಸಂದ ಕೆಲಸವನ್ನು ನೋಡಿದರೆ ಯಾವ ತತ್ತ್ವದವರು ಹೆಚ್ಚು ದುಡಿದರೆಂದು ಹೇಳುವುದು ಕಷ್ಟ.

ಡಾರ್ಟ್ ಸಿನೋಡಿನ ನಡವಳಿಕೆ ಮಾತ್ರ ಇಷ್ಟು ಸಮತೂಕದ್ದಾಗಿರಲಿಲ್ಲ. ಎಪಿಸ್ಕೋಪಿಯಸ್‌ನ ನಾಯಕತ್ವದಲ್ಲಿ ಬಂದಿದ್ದ ಅಹವಾಲಿನ ಪಕ್ಷವನ್ನು ಸಮಾನ ಸದಸ್ಯರೆಂದಲ್ಲ, ಆಪಾದಿತರೆಂದು ಕರೆಸಲಾಗಿತ್ತು. 1619ರ ಜನವರಿಯಲ್ಲಿ ಅಧ್ಯಕ್ಷ ಬೋಗರ್‌ಮನ್ ಅವರನ್ನು ಸಭೆಯಿಂದ ಹೊರಕಳಿಸಿದ. ಅವರು ವಿಚಾರಣೆಯ ಕ್ರಮಕ್ಕೇ ಅಡ್ಡಿಯಾಗಿದ್ದರು ಎಂಬುದು ಸಿನೋಡಿನ ಸಮರ್ಥನೆ; ಅದರಲ್ಲಿ ಸ್ವಲ್ಪ ಹುರುಳೂ ಇದೆ. ಆದರೂ ಮುಂದೆ ಸುಮಾರು 200 ಸಭಾಪಾಲಕರು ಪದಚ್ಯುತರಾದರು. ಅವರ ಬೆಂಬಲಕ್ಕಿದ್ದ ವೃದ್ಧ ಮುತ್ಸದ್ದಿ ಓಲ್ಡನ್‌ಬಾರ್ನೆವೆಲ್ಟ್‌ನ ತಲೆಯನ್ನು 1619ರ ಮೇ 13ರಂದು ಹೇಗ್‌ನಲ್ಲಿ ಕಡಿಯಲಾಯಿತು. ಅವನ ಮೇಲಿದ್ದುದು ರಾಜಕೀಯ ಆರೋಪ, ಪೂರ್ವನೇಮಕದ ಕುರಿತದ್ದಲ್ಲ. ಆದರೆ ದೇವಶಾಸ್ತ್ರದ ಪಕ್ಷಗಳೂ ರಾಜಕೀಯದ ಪಕ್ಷಗಳೂ ಆ ಹೊತ್ತಿಗೆ ಬೆಸೆದುಹೋಗಿದ್ದವು.

ಇಷ್ಟೆಲ್ಲ ತೂಗಿದ ಮೇಲೆ ಒಂದು ಕಡೆ ವಾಲಲೇಬೇಕಾದರೆ, ಹಿಂಜರಿಕೆಯಿಂದಲೇ, ಒಂದು ಹಳೆಯ ಅಸಮತೆಯ ಕಡೆಗೆ ವಾಲಬಹುದು. 529ರ ಆರೆಂಜ್ ಪರಿಷತ್ತು ನಂಬಿಕೆಯ ಮೊದಲ ಮಿಡಿತವೂ ಕೃಪೆಯಿಂದಲೇ ಎಂದಿತು. ಆದರೆ ಯಾರನ್ನೂ ಕೇಡಿಗೆಂದು ದೇವರು ನೇಮಿಸಿದ್ದಾನೆಂಬ ಮಾತನ್ನು ತಿರಸ್ಕರಿಸಿತು. ಲೂಥರನ ಅನುಯಾಯಿಗಳ 1577ರ ಒಪ್ಪಂದ ಸೂತ್ರವೂ ಹೆಚ್ಚುಕಡಿಮೆ ಹೀಗೆಯೇ ಹೇಳುತ್ತದೆ. ನಂಬಿದ್ದಕ್ಕೆ ದೇವರು ಕಾರಣ. ನಂಬದ್ದಕ್ಕೆ ಮನುಷ್ಯ ಹೊಣೆ. ಅಷ್ಟೇಕೆ, ಆಯ್ಕೆ ನಂಬಿಕೆಗೆ ಮೂಲವಾಗಿರುವ ರೀತಿಯಲ್ಲಿಯೇ ತಿರಸ್ಕಾರ ಅವಿಶ್ವಾಸಕ್ಕೆ ಕಾರಣವಾಗುತ್ತದೆಂಬುದನ್ನು ಡಾರ್ಟ್ ಸಿನೋಡೇ ತನ್ನ ಉಪಸಂಹಾರದಲ್ಲಿ ಅಲ್ಲಗಳೆದಿದೆ. ಅದರ ಹೆಸರಿನಲ್ಲಿ ಮಾತಾಡುವ ಕೆಲವರು ಆ ಪುಟವನ್ನು ಓದಿದಂತೆ ಕಾಣುವುದಿಲ್ಲ.

ತರ್ಕದಲ್ಲಿ ಇದು ಪೂರ್ಣವಲ್ಲ. ಎತ್ತಬಲ್ಲವನು ಎತ್ತದೆ ಬಿಡುವುದಕ್ಕೂ ನೂಕುವುದಕ್ಕೂ ಎಷ್ಟು ಅಂತರ ಎಂದು ಅರ್ಮೀನಿಯಸ್‌ನ ಕಡೆಯವರು ಕೇಳುತ್ತಾರೆ. ಕೇಳುವ ಹಕ್ಕು ಅವರಿಗಿದೆ. ಆದರೂ ಈ ನಿಲುವಿಗೆ ಒಂದು ಬಲವಿದೆ: ಎರಡೂ ಪಕ್ಷದವರ ಪ್ರಾರ್ಥನೆಗೆ ಇದು ಹೊಂದುತ್ತದೆ. ತನ್ನ ನಂಬಿಕೆಗಾಗಿ ದೇವರಿಗೆ ಸ್ತೋತ್ರ ಹೇಳುವಾಗ ಅರ್ಮೀನಿಯಸ್‌ನ ದಾರಿಯವನು ತನ್ನ ಪಾಲನ್ನು ಎಣಿಸಿ ತೆಗೆದಿಡುವುದಿಲ್ಲ. ಪಾಪವನ್ನು ಅರಿಕೆ ಮಾಡುವಾಗ ಕ್ಯಾಲ್ವಿನ್ ಪಂಥದವನು ಅದನ್ನು ನೇಮಕದ ಮೇಲೆ ಹೊರಿಸುವುದಿಲ್ಲ.

ಡೊಮಿನಿಕನ್ನರಿಗೂ ಜೆಸ್ಯೂಟರಿಗೂ ಇದೇ ವಿಷಯವಾಗಿ ರೋಮಿನಲ್ಲಿ ವರ್ಷಗಟ್ಟಲೆ ವಾದ ನಡೆದಾಗ, ಪೋಪ್ 5ನೇ ಪೌಲ್ 1607ರಲ್ಲಿ ತೀರ್ಪನ್ನೇ ಕೊಡದೆ, ಒಬ್ಬರು ಇನ್ನೊಬ್ಬರನ್ನು ಪಾಷಂಡಿಗಳೆನ್ನಕೂಡದೆಂದು ವಿಧಿಸಿ ಕಳಿಸಿದ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ಕ್ಯಾಲ್ವಿನ್ ಪರಂಪರೆಯ ಪ್ರೆಸ್ಬಿಟೇರಿಯನ್ನರೂ ವೆಸ್ಲಿಯ ಮೆಥಡಿಸ್ಟರೂ ಅದರೊಳಗೆ ಒಂದಾದರು. ಧರ್ಮಗ್ರಂಥ, ಅಪೊಸ್ತಲರ ಮತ್ತು ನೈಸೀಯ ವಿಶ್ವಾಸಪ್ರಮಾಣಗಳು ಅದರ ತಳಹದಿಯಾದವು. ಡಾರ್ಟ್‌ನ ಸೂತ್ರಗಳೂ ಅದರಲ್ಲಿ ಇರಲಿಲ್ಲ, 1610ರ ಅಹವಾಲೂ ಇರಲಿಲ್ಲ. ಈ ಪ್ರಶ್ನೆಯಲ್ಲಿ ಒಂದು ಪಕ್ಷಕ್ಕೆ ಸಹಿ ಹಾಕುವುದನ್ನು ಸಭೆಯ ಬಾಗಿಲಲ್ಲಿ ಷರತ್ತಾಗಿ ಇಡದಿದ್ದ ಆ ತೀರ್ಮಾನ ಡಾರ್ಟ್‌ನ ತೀರ್ಪಿಗಿಂತ ಹೆಚ್ಚು ಸರಿಯಾದುದೆಂದು ನನಗೆ ತೋರುತ್ತದೆ.