ಚಿಲಕವಿಲ್ಲದ ಮನೆಗಳು, ಬಾಡಿಗೆಯ ಡೇರೆಗಳು

ಗಂಡ ಹೆಂಡತಿ ಇಬ್ಬರೂ ಸೇರಿ ಒಂದು ರಾತ್ರಿ ಮನೆಯಿಂದ ಹೊರಗೆ, ಬೆಟ್ಟದ ಬುಡದ ಡೇರೆಯೊಂದರಲ್ಲಿ ಮಲಗೆದ್ದು ಬಂದರೆ ಸಮುದಾಯದ ಮರ್ಯಾದೆಗೆ ಎಷ್ಟು ನಷ್ಟವಾಗುತ್ತದೆ? ಇಂಥದೊಂದು ಲೆಕ್ಕವನ್ನು ಈಚೆಗೆ ಸಿ.ವಿ. ರಾಮನ್ ನಗರದ ಸುತ್ತಿನ ಗಲ್ಲಿಗಳಲ್ಲಿ ಬಹಳ ಜನ ಬಹಳ ಆಸಕ್ತಿಯಿಂದ ಹಾಕಿದರು. ಹಾಕಿದವರಲ್ಲಿ ನನ್ನ ಬಂಧುಗಳಿದ್ದಾರೆ, ನಾನು ಗೌರವಿಸುವ ಹಿರಿಯರೂ ಇದ್ದಾರೆ. ಆದ್ದರಿಂದಲೇ ಇದನ್ನು ಬರೆಯಬೇಕಾಯಿತು.

ಸಿ.ವಿ. ರಾಮನ್ ನಗರ ಎಂದರೆ ಹೊರಗಿನವರಿಗೆ ನೆನಪಾಗುವುದು ಡಿ.ಆರ್.ಡಿ.ಓ. ಪ್ರಯೋಗಾಲಯಗಳ ಉದ್ದನೆಯ ಕಾಂಪೌಂಡು ಗೋಡೆಗಳು ಮತ್ತು ಬಾಗ್ಮನೆ ಟೆಕ್ ಪಾರ್ಕಿನ ಗಾಜಿನ ಕಟ್ಟಡಗಳು. ಆದರೆ 1930ರಲ್ಲಿ ನೊಬೆಲ್ ಪಡೆದ ವಿಜ್ಞಾನಿಯ ಹೆಸರು ಹೊತ್ತ ಈ ಬಡಾವಣೆಯ ಆಚೀಚೆ ಬೈರಸಂದ್ರ, ಕಗ್ಗದಾಸಪುರ, ನಾಗವಾರಪಾಳ್ಯದಂಥ ಹಳೆಯ ಹಳ್ಳಿಗಳು ಉಸಿರು ಬಿಗಿಹಿಡಿದು ಕೂತಿವೆ. ಇಪ್ಪತ್ತು ಮೂವತ್ತರ ಸೈಟಿನಲ್ಲಿ ಮೂರಂತಸ್ತು, ಅಂತಸ್ತಿಗೆ ಎರಡು ಮನೆ, ಮೇಲೆ ತಾರಸಿಯಲ್ಲಿ ಒಂದು ಶೀಟಿನ ಮನೆ. ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂದು ಇವರಿಗೆ ಗೊತ್ತು. ಇವರ ಮನೆಯಲ್ಲಿ ಯಾರು ಯಾರ ಮೇಲೆ ಸಿಟ್ಟಾದರೆಂದು ಅವರಿಗೆ ಗೊತ್ತು.

ನನಗೆ ಪರಿಚಯದ ಹುಡುಗ ಹುಡುಗಿ ಇಂಥದೇ ಒಂದು ಮನೆಯಲ್ಲಿದ್ದಾರೆ. ಅವನು ಟೆಕ್ ಪಾರ್ಕಿನ ಕಟ್ಟಡವೊಂದರಲ್ಲಿ ಎ.ಸಿ., ಲಿಫ್ಟು ನೋಡಿಕೊಳ್ಳುವವನು. ಅವಳು ಖಾಸಗಿ ಶಾಲೆಯಲ್ಲಿ ಕನ್ನಡ ಟೀಚರು. ಮದುವೆಯಾಗಿ ಮೂರು ವರ್ಷ. ಎರಡು ಕೋಣೆ, ಒಂದು ಅಡುಗೆಮನೆ, ಎಂಟು ಜನ. ಹೊಸ ಜೋಡಿಗೆಂದು ಬಿಟ್ಟುಕೊಟ್ಟ ಕೋಣೆಯಲ್ಲೇ ಮನೆಯವರೆಲ್ಲರ ಬೀರುವೂ ಇದೆ. ನಾದಿನಿ ಬೆಳಿಗ್ಗೆ ದುಪಟ್ಟಾ ತೆಗೆಯಲು ಬರುತ್ತಾಳೆ, ಅತ್ತೆ ರಾತ್ರಿ ಮಾತ್ರೆ ಹುಡುಕಿಕೊಂಡು ಬರುತ್ತಾರೆ. ಬಾಗಿಲಿಗೆ ಚಿಲಕ ಇದೆಯಂತೆ, ಹಾಕಿದರೆ ಮಾತ್ರ ಬೇಜಾರು. ಈ ಇಬ್ಬರು ಕೆಲವು ತಿಂಗಳು ದುಡ್ಡು ಕೂಡಿಟ್ಟು, ಒಂದು ಶನಿವಾರ ಸ್ಕೂಟರಿನಲ್ಲಿ ನಂದಿ ಬೆಟ್ಟದ ಕಡೆಗೆ ಹೋಗಿ, ಮೊಬೈಲಿನಲ್ಲಿ ಮುಂಗಡ ಕಾದಿರಿಸಿದ್ದ ಡೇರೆಯಲ್ಲಿ ಒಂದು ರಾತ್ರಿ ಇದ್ದು ಬಂದರು. ಈಗ ಇದಕ್ಕೆ ಗ್ಲ್ಯಾಂಪಿಂಗ್ ಎನ್ನುತ್ತಾರೆ. ಗ್ಲಾಮರನ್ನೂ ಕ್ಯಾಂಪಿಂಗನ್ನೂ ಸೇರಿಸಿ ಹೊಲಿದ ಪದ. ಹೊರಗೆ ನೋಡಿದರೆ ಡೇರೆ, ಒಳಗೆ ಮಂಚ, ದಪ್ಪ ಹಾಸಿಗೆ, ಬಿಸಿನೀರು. ಮುಂದೆ ಹಳದಿ ಬಲ್ಬುಗಳ ಸರ, ಚಳಿ ಕಾಯಿಸಲು ಬೆಂಕಿ.

ಬಂದ ಮೇಲೆ ಶುರುವಾಯಿತು. "ಏನಮ್ಮಾ, ಮನೇಲಿ ಜಾಗ ಇರಲಿಲ್ವಾ?" ಎಂದು ಖಾಲಾ ಒಬ್ಬರು ಕೇಳಿದರು. ಆ ಪ್ರಶ್ನೆಯಲ್ಲೇ ಉತ್ತರವಿದ್ದದ್ದು ಪಾಪ ಅವರಿಗೆ ಹೊಳೆಯಲಿಲ್ಲ. "ನಿಕಾಹ್ ಆದವರು ನಿಕಾಹ್ ಆಗದವರು ಹೋಗುವ ಜಾಗಕ್ಕೆ ಯಾಕೆ ಹೋಗಬೇಕು?" ಎಂದರು ಇನ್ನೊಬ್ಬ ಹಿರಿಯರು. ಪಾಶ್ಚಾತ್ಯ ಅನುಕರಣೆ ಎಂದವರುಂಟು. ಇಸ್ರಾಫ್, ಅಂದರೆ ದುಂದುವೆಚ್ಚ, ಅದು ಧರ್ಮಕ್ಕೆ ವಿರುದ್ಧ ಎಂದವರೂ ಉಂಟು. ಆ ಹುಡುಗಿಯನ್ನು ನಾನು, ಹೋಗಲಿ, ಬೆಟ್ಟದಲ್ಲಿ ಏನು ಚೆನ್ನಾಗಿತ್ತು ಎಂದು ಕೇಳಿದೆ. ಸೂರ್ಯೋದಯದ ಬಗ್ಗೆ, ಮಂಜಿನ ಬಗ್ಗೆ ಹೇಳುತ್ತಾಳೆಂದುಕೊಂಡರೆ ಅವಳು ಹೇಳಿದ್ದು: "ಆಪಾ, ರಾತ್ರಿ ನಾವಿಬ್ಬರೂ ಗಟ್ಟಿಯಾಗಿ ಮಾತಾಡಿದ್ವಿ."

ಮದುವೆಯಾಗಿ ಮೂರು ವರ್ಷ ಗಂಡನೊಡನೆ ಪಿಸುದನಿಯಲ್ಲೇ ಬದುಕಿದ ಹೆಣ್ಣಿನ ಮಾತು ಇದು. ಜಗಳವಾಡಲಿಕ್ಕೂ ಒಂದು ಗೋಡೆ ಬೇಕು. ನಗಲಿಕ್ಕೂ ಬೇಕು, ಅಳಲಿಕ್ಕೂ ಬೇಕು. ನಾವು ಪರದೆಯ ಬಗ್ಗೆ ನೂರಾರು ಭಾಷಣ ಕೇಳಿದ್ದೇವೆ, ಪುಸ್ತಕ ಓದಿದ್ದೇವೆ. ಹೆಣ್ಣಿಗೂ ಹೊರಗಿನ ಗಂಡಸಿಗೂ ನಡುವೆ ಎಷ್ಟು ದಪ್ಪದ ಪರದೆ ಇರಬೇಕೆಂದು ಚರ್ಚಿಸುವ ನಾವು, ಗಂಡ ಹೆಂಡತಿಗೂ ಮನೆಯ ಉಳಿದವರಿಗೂ ನಡುವೆ ಒಂದು ತೆಳುವಾದ ಪರದೆಯಾದರೂ ಇದೆಯೇ ಎಂದು ಯಾವತ್ತಾದರೂ ಕೇಳಿದ್ದೇವೆಯೆ?

ಧರ್ಮದ ಮಾತನ್ನು ಎತ್ತಿದವರು ಅವರಾದ್ದರಿಂದ ಅದೇ ಅಂಗಳದಲ್ಲಿ ನಿಂತು ಮಾತಾಡೋಣ. ಕುರ್‌ಆನಿನ ಸೂರಃ ಅನ್ನೂರ್‌ನ 58ನೆಯ ಆಯತನ್ನು ದಯವಿಟ್ಟು ಒಮ್ಮೆ ಬಿಡಿಸಿ ನೋಡಿ. ಮುಂಜಾನೆಯ ನಮಾಜಿಗೆ ಮೊದಲು, ಮಧ್ಯಾಹ್ನ ಬಟ್ಟೆ ಸಡಿಲಿಸಿ ವಿಶ್ರಮಿಸುವಾಗ, ಇಶಾ ನಮಾಜಿನ ಅನಂತರ, ಈ ಮೂರು ಹೊತ್ತಿನಲ್ಲಿ ಮನೆಯ ಆಳುಗಳು, ಚಿಕ್ಕ ಮಕ್ಕಳು ಕೂಡ ಅನುಮತಿ ಕೇಳಿಯೇ ಒಳಗೆ ಬರಬೇಕೆಂದು ಅಲ್ಲಿ ಹೇಳಿದೆ. ಇದು ಹೊರಗಿನವರಿಗೆ ಹೇಳಿದ ನಿಯಮವಲ್ಲ, ಮನೆಯೊಳಗೆ ಓಡಾಡುವವರಿಗೆ ಹೇಳಿದ್ದು. ಇನ್ನು ನಮ್ಮ ಕಂಟೋನ್ಮೆಂಟ್ ಕಡೆಯ ಬಹುಪಾಲು ಮುಸ್ಲಿಮರು ಅನುಸರಿಸುವ ಹನಫಿ ಫಿಕ್ಹಿನಲ್ಲಿ 'ಖಲ್ವತೆ ಸಹೀಹಾ' ಎಂಬುದೊಂದಿದೆ. ನಿಕಾಹ್ ಆದ ಗಂಡು ಹೆಣ್ಣು, ಯಾವ ಅಡ್ಡಿಯೂ ಇಲ್ಲದೆ, ಯಾರೂ ನುಗ್ಗಿ ಬರಲಾರದ ಜಾಗದಲ್ಲಿ ಇಬ್ಬರೇ ಇದ್ದರೆ ಅದು ಸರಿಯಾದ ಏಕಾಂತ. ಅಂಥ ಏಕಾಂತ ಒಮ್ಮೆ ಒದಗಿತೆಂದರೆ ಮುಂದೆ ಏನೇ ಆದರೂ ಹೆಣ್ಣಿಗೆ ಪೂರ್ತಿ ಮಹರ್ ಸಲ್ಲಬೇಕು. ಇದನ್ನು ನಿರ್ಣಯಿಸಲು ಹಳೆಯ ಫಕೀಹರು ಎಷ್ಟು ಸೂಕ್ಷ್ಮಕ್ಕೆ ಇಳಿದಿದ್ದಾರೆಂದರೆ, ಓಡಾಟದ ದಾರಿ ಏಕಾಂತವಲ್ಲ, ಗೋಡೆಯಿಲ್ಲದ ತಾರಸಿ ಏಕಾಂತವಲ್ಲ, ತಿಳಿವಳಿಕೆಯುಳ್ಳ ಮೂರನೆಯವರು ಅಲ್ಲಿದ್ದರೆ ಅದೂ ಏಕಾಂತವಲ್ಲ ಎಂದು ಒಂದೊಂದಾಗಿ ಬರೆದಿಟ್ಟರು. ಈ ಅಳತೆಗೋಲನ್ನು ಹಿಡಿದು ಬೈರಸಂದ್ರದಿಂದ ಶಿವಾಜಿನಗರದವರೆಗೆ ನಮ್ಮ ಗಲ್ಲಿಗಳ ಮನೆಗಳನ್ನು ಹೊಕ್ಕು ನೋಡಿದರೆ ಎಷ್ಟು ಮನೆ ಪಾಸಾಗುತ್ತವೆ? ಮಹರಿನ ಮೊತ್ತಕ್ಕಾಗಿ ರಾತ್ರಿಯಿಡೀ ಚೌಕಾಸಿ ಮಾಡುವ ಹಿರಿಯರು, ಖಲ್ವತ್ತಿಗೆ ಜಾಗ ಎಲ್ಲಿ ಎಂದು ಒಂದು ನಿಮಿಷವೂ ಮಾತಾಡುವುದಿಲ್ಲ. ಡೇರೆಗೆ ಹೋದ ಆ ಹುಡುಗ ಹುಡುಗಿ ಫಿಕ್ಹನ್ನು ಮುರಿಯಲಿಲ್ಲ. ನಾವು ಕೊಡದೆ ಉಳಿಸಿಕೊಂಡ ಬಾಕಿಯನ್ನು ತಮ್ಮದೇ ದುಡ್ಡು ಕೊಟ್ಟು ಪಡೆದುಕೊಂಡರು, ಅಷ್ಟೇ.

ದೇಶದ ಕಾನೂನೂ ಇದನ್ನೇ ಹೇಳುತ್ತದೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತರು. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ಬೆಂಗಳೂರಿನವರೇ ಆದ, ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಅವರು ಕೋರ್ಟಿನ ಮೆಟ್ಟಿಲು ಹತ್ತಿದಾಗ ಎಂಬತ್ತು ದಾಟಿದ್ದರು. ಆಧಾರ್ ವಿಚಾರಕ್ಕೆ ಶುರುವಾದದ್ದು ಮನೆ, ಮದುವೆ, ಮಂಚದವರೆಗೂ ಬಂತು. ಆದರೆ ತೀರ್ಪು ದಿಲ್ಲಿಯಿಂದ ನಮ್ಮ ಗಲ್ಲಿಗೆ ಬರುವ ದಾರಿಯಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡಿದೆ.

ಮನೆಯ ಹೊರಗೆ ಹೋದರಾದರೂ ನೆಮ್ಮದಿಯೇ ಎಂದರೆ, ಅಲ್ಲಿ ಬೇರೆ ಕಾವಲುಗಾರರಿದ್ದಾರೆ. 2012ರ ಜುಲೈ 28ರಂದು ಮಂಗಳೂರಿನ ಪಡೀಲಿನ ಹೋಂಸ್ಟೇ ಒಂದರಲ್ಲಿ ಹುಟ್ಟುಹಬ್ಬಕ್ಕೆ ಸೇರಿದ್ದ ಹುಡುಗ ಹುಡುಗಿಯರ ಮೇಲೆ ಹಿಂದೂ ಜಾಗರಣ ವೇದಿಕೆಯವರು ನುಗ್ಗಿ ಹೊಡೆದದ್ದನ್ನು ಟಿ.ವಿ.ಯಲ್ಲಿ ನೋಡಿದ್ದೇವೆ. ಆ ದಾಳಿಯನ್ನು ಲೋಕಕ್ಕೆ ತೋರಿಸಿದ ಪತ್ರಕರ್ತ ನವೀನ್ ಸೂರಿಂಜೆ ತಿಂಗಳುಗಟ್ಟಲೆ ಜೈಲಿನಲ್ಲಿ ಕಳೆದರು. 2024ರ ಆಗಸ್ಟಿನಲ್ಲಿ ಮಂಗಳೂರಿನ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು. ಆಗ ನಾವೆಲ್ಲ ಎಷ್ಟು ಆವೇಶದಿಂದ ಬರೆದೆವು, ಸಭೆ ಮಾಡಿದೆವು! ಬರೆಯಬೇಕಾದದ್ದೇ.

ಆದರೆ 2024ರ ಜನವರಿಯಲ್ಲಿ ಹಾನಗಲ್ ತಾಲ್ಲೂಕಿನ ಲಾಡ್ಜೊಂದರ ಬಾಗಿಲನ್ನು ಬಡಿದವರು ಯಾರು? ಒಳಗಿದ್ದವಳು ಮುಸ್ಲಿಂ ಹೆಣ್ಣು, ಜೊತೆಗಿದ್ದವನು ಬೇರೆ ಧರ್ಮದವನು ಎಂದು ಸಿಟ್ಟಾಗಿ ನುಗ್ಗಿದವರು ನಮ್ಮ ಹುಡುಗರು. ಸಮುದಾಯದ ಮಾನ ಕಾಯುತ್ತೇವೆಂದು ಹೋದವರು ಆ ಹೆಣ್ಣಿನ ಮೇಲೆ ಸಾಮೂಹಿಕ ಅತ್ಯಾಚಾರ ಎಸಗಿದರೆಂಬ ಆರೋಪ ಹೊತ್ತು ಜೈಲು ಸೇರಿದರು. 2025ರ ಮೇ ತಿಂಗಳಲ್ಲಿ ಅವರಲ್ಲಿ ಕೆಲವರು ಜಾಮೀನಿನ ಮೇಲೆ ಹೊರಬಂದಾಗ ಅಕ್ಕಿಆಲೂರಿನಲ್ಲಿ ಕಾರು ಬೈಕುಗಳ ಮೆರವಣಿಗೆ ನಡೆಯಿತು. ಗೆದ್ದು ಬಂದ ಕ್ರಿಕೆಟ್ ತಂಡವನ್ನು ಕರೆತರುವ ಹಾಗೆ! ಪಡೀಲಿನ ಬಗ್ಗೆ ಪುಟಗಟ್ಟಲೆ ಬರೆದ ನಮ್ಮ ಎಷ್ಟು ಲೇಖಕರು ಈ ಮೆರವಣಿಗೆಯ ಬಗ್ಗೆ ಒಂದು ಸಾಲು ಬರೆದರು? ಎಷ್ಟು ಮಿಂಬರುಗಳಿಂದ ಖಂಡನೆ ಬಂತು? ಲಾಡ್ಜಿನ ಬಾಗಿಲನ್ನು ಕೇಸರಿ ಶಾಲಿನವನು ಒದ್ದರೂ ಬಿಳಿ ಟೋಪಿಯವನು ಒದ್ದರೂ ಒಳಗಿರುವ ಹೆಣ್ಣಿಗೆ ಕೇಳಿಸುವುದು ಒಂದೇ ಸದ್ದು.

ಇದಕ್ಕೂ ಮದುವೆಯಾದ ಜೋಡಿಗೂ ಏನು ಸಂಬಂಧ ಎನ್ನಬೇಡಿ. ಸಂಬಂಧವಿದೆ. ಡೇರೆಯ ಗೇಟಿನಲ್ಲಿ ಗುರುತಿನ ಚೀಟಿ ಕೊಟ್ಟಾಗ ಅಲ್ಲಿನವನು ಎರಡು ಹೆಸರುಗಳನ್ನೂ ಕೂಡಿಸಿ ಓದುತ್ತಾನೆ, ಆಮೇಲೆ ಮುಖ ನೋಡುತ್ತಾನೆ. ಆ ಕ್ಷಣದಲ್ಲಿ ಎದೆ ಢವಗುಟ್ಟುವುದು ಪ್ರೇಮಿಗಳಿಗೆ ಮಾತ್ರವಲ್ಲ. ನಮ್ಮ ಹುಡುಗಿ ನಿಕಾಹ್‌ನಾಮೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬ್ಯಾಗಿನ ತಳದಲ್ಲಿ ಇಟ್ಟುಕೊಂಡು ಹೋಗಿದ್ದಳು. ಪಾಸ್‌ಪೋರ್ಟು ಇಟ್ಟುಕೊಂಡು ಗಡಿ ದಾಟುವವರ ಹಾಗೆ. ಯಾರೂ ಕೇಳಲಿಲ್ಲವಂತೆ. ಆದರೂ ಇಟ್ಟುಕೊಂಡಿದ್ದಳಲ್ಲ.

ಹಾಗೆಂದು ಈ ಡೇರೆ ವ್ಯಾಪಾರಕ್ಕೆ ನಾನು ಜಾಹೀರಾತು ಬರೆಯುತ್ತಿಲ್ಲ. ಬಟ್ಟೆಯ ಗೋಡೆಗಳ ನಡುವಿನ ಒಂದು ರಾತ್ರಿಗೆ ಬೈರಸಂದ್ರದ ಶೀಟಿನ ಮನೆಯ ತಿಂಗಳ ಬಾಡಿಗೆಯನ್ನು ಕೇಳುವುದು ಎಂಥ ನ್ಯಾಯ? ಏಕಾಂತವನ್ನು ಮೊದಲು ಎಲ್ಲರಿಂದ ಕಿತ್ತುಕೊಂಡು, ಆಮೇಲೆ ದುಡ್ಡಿದ್ದವರಿಗೆ ಗಂಟೆ ಲೆಕ್ಕದಲ್ಲಿ ಮಾರುವುದನ್ನು ಈ ಮಾರುಕಟ್ಟೆ ಚೆನ್ನಾಗಿ ಕಲಿತಿದೆ. ಬೆಟ್ಟ ಯಾವಾಗಲೂ ಉಳ್ಳವರದೇ ಆಗಿತ್ತು ಬಿಡಿ. 1,478 ಮೀಟರ್ ಎತ್ತರದ ನಂದಿಯ ಮೇಲೆ ಟಿಪ್ಪುವಿನ ಬೇಸಿಗೆ ಅರಮನೆಯಿದೆ, ಅನಂತರ ಬಂದ ಕಬ್ಬನ್ ಸಾಹೇಬರ ಬಂಗಲೆಯೂ ಇದೆ. ಟಿಪ್ಪುವಿನ ಡೇರೆಯ ಕತೆ ಇನ್ನೂ ಸ್ವಾರಸ್ಯ. ಹೂಬಳ್ಳಿಗಳ ಚಿತ್ತಾರದ ಛೀಂಟು ಬಟ್ಟೆಯ ಆ ಭವ್ಯ ಡೇರೆ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಆಗ ಮದರಾಸಿನ ಗವರ್ನರಾಗಿದ್ದ ಎಡ್ವರ್ಡ್ ಕ್ಲೈವನ ಪಾಲಾಯಿತು. ವೇಲ್ಸಿನ ಪೊವಿಸ್ ಕೋಟೆಗೆ ಹೋಗಿ, ದೊರೆಸಾನಿಯರ ತೋಟದ ಔತಣಗಳಿಗೆ ನೆರಳಾಯಿತು. ಈಗಲೂ ಅಲ್ಲೇ ಇದೆ. ಯುದ್ಧದ ಡೇರೆಯನ್ನು ಮೋಜಿನ ಡೇರೆ ಮಾಡಿದ ಮೊದಲಿಗರಲ್ಲಿ ಅವರನ್ನೂ ಸೇರಿಸಬಹುದೇನೊ.

ಇನ್ನೊಂದು ಬಗೆಯ ಡೇರೆ ನಮ್ಮ ಕಣ್ಣೆದುರೇ ಇದೆ, ಅದನ್ನು ನೋಡಲು ನಂದಿಗೆ ಹೋಗಬೇಕಾಗಿಲ್ಲ. ಕೆ.ಆರ್. ಪುರದ ಕಡೆ, ಮಾರತ್ತಹಳ್ಳಿಯ ಕಡೆ ಖಾಲಿ ಸೈಟುಗಳಲ್ಲಿ ನೀಲಿ ಟಾರ್ಪಾಲು ಹೊದ್ದ ಗುಡಿಸಲುಗಳು. ಯಾದಗಿರಿ, ರಾಯಚೂರು, ಕಲಬುರಗಿಯಿಂದ ಬಂದ ಗಂಡ ಹೆಂಡಿರು ಹಗಲು ಕಟ್ಟಡ ಕಟ್ಟಿ ರಾತ್ರಿ ಅಲ್ಲಿ ಮಲಗುತ್ತಾರೆ. ಒಂದು ರಾತ್ರಿಯಲ್ಲ, ವರ್ಷಗಟ್ಟಲೆ. ಚಿಲಕದ ಮಾತು ಬಿಡಿ, ಅಲ್ಲಿ ಬಾಗಿಲೇ ಇಲ್ಲ. 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದಲ್ಲಿ ಇಂಥ ನೂರಾರು ಗುಡಿಸಲುಗಳನ್ನು, ಇಲ್ಲಿರುವವರು ಬಾಂಗ್ಲಾದೇಶದವರು ಎಂಬ ಗುಲ್ಲೆಬ್ಬಿಸಿ ನೆಲಸಮ ಮಾಡಿದರು. ನಮ್ಮದೇ ಉತ್ತರ ಕರ್ನಾಟಕದವರು, ಈಶಾನ್ಯ ರಾಜ್ಯಗಳವರು ಕೈಯಲ್ಲಿ ಗುರುತಿನ ಚೀಟಿ ಹಿಡಿದು ನಿಂತಿದ್ದರು. ಹೈಕೋರ್ಟು ಆ ಕೆಡವುವಿಕೆಯನ್ನು ತರಾಟೆಗೆ ತೆಗೆದುಕೊಂಡಿತು. ಒಂದೇ ನಗರ, ಒಂದೇ ಬಗೆಯ ನಾಲ್ಕು ಗೂಟ, ಒಂದು ಹೊದಿಕೆ. ಒಂದರ ಮುಂದೆ ಜನ ಫೋಟೋ ತೆಗೆಸಿಕೊಳ್ಳುತ್ತಾರೆ, ಇನ್ನೊಂದರ ಮುಂದೆ ಜೆ.ಸಿ.ಬಿ. ಬಂದು ನಿಲ್ಲುತ್ತದೆ.

ಉಳಿದದ್ದು ಇಸ್ರಾಫಿನ ಮಾತು. ಆ ಇಬ್ಬರು ಒಂದು ರಾತ್ರಿಗೆ ಖರ್ಚು ಮಾಡಿದ್ದು ದುಂದು ಎಂದು ಹೇಳಿದ ಹಿರಿಯರ ಮನೆಯ ಮದುವೆಗೆ ನಾನೂ ಹೋಗಿದ್ದೆ. ಬಿರಿಯಾನಿಯ ದೇಗುಗಳನ್ನು ಎಣಿಸುವುದನ್ನು ಅರ್ಧಕ್ಕೆ ಬಿಟ್ಟೆ. ಸಾವಿರ ಜನ ಕೂತು ಉಣ್ಣುವ ಶಾದಿ ಮಹಲುಗಳನ್ನು ಊರೂರಿಗೆ ಕಟ್ಟಿಸಿದ್ದೇವೆ, ಅದಕ್ಕೆ ಸರಕಾರದ ಅನುದಾನವನ್ನೂ ಹೋರಾಡಿ ತಂದಿದ್ದೇವೆ. ಆ ಸಾವಿರ ಜನ ಹರಸಿದ ಇಬ್ಬರು ಅದೇ ರಾತ್ರಿ ಎಲ್ಲಿ ಮಲಗುತ್ತಾರೆ, ನಡುವಿನ ಗೋಡೆ ಇಟ್ಟಿಗೆಯದೋ ಪ್ಲೈವುಡ್ಡಿನದೋ ಎಂಬುದು ಯಾವ ಕಮಿಟಿಯ ಸಭೆಯಲ್ಲೂ ಚರ್ಚೆಗೆ ಬಂದದ್ದು ನನಗೆ ಗೊತ್ತಿಲ್ಲ. ದಹೇಜಿನಲ್ಲಿ ಮಂಚ ಕೊಡುತ್ತಾರೆ. ಮಂಚ ಇಡುವ ಕೋಣೆಯ ಬಗ್ಗೆ ಕೇಳುವುದು ಹೆಣ್ಣಿನ ಕಡೆಯವರಿಗೆ ನಾಚಿಕೆ.

ಆ ನಾಚಿಕೆಯನ್ನು ಬಿಡಬೇಕು ಎನ್ನುವುದು ನನ್ನ ವಾದ. ಮುಂದಿನ ಸಲ ಮನೆಯ ಹುಡುಗಿಗೆ ಸಂಬಂಧ ನೋಡಲು ಹೋದಾಗ ಹುಡುಗನ ಸಂಬಳ ಕೇಳಿ, ಸ್ವಂತ ಮನೆಯೋ ಬಾಡಿಗೆಯೋ ಕೇಳಿ. ಚಹಾ ಬಂದ ಮೇಲೆ, ಇವರಿಬ್ಬರಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಕೋಣೆ ಇದೆಯೇ, ಹಾಕಿದರೆ ಯಾರಿಗಾದರೂ ಬೇಜಾರಾಗುತ್ತದೆಯೇ ಎಂದು ಅಮ್ಮಂದಿರ ಎದುರಿಗೇ ಕೇಳಿ. ಕೋಣೆ ಇಲ್ಲದಿದ್ದರೆ, ನಾಲ್ಕು ದೇಗು ಕಡಿಮೆ ಮಾಡಿ ಗೋಡೆಯೊಂದನ್ನು ಎಬ್ಬಿಸಲು ಎಷ್ಟು ಸಿಮೆಂಟು ಬೇಕೆಂಬ ಲೆಕ್ಕವನ್ನು ಅಲ್ಲೇ, ನಿಕಾಹ್‌ನ ತಾರೀಖು ಗೊತ್ತುಮಾಡುವ ಮೊದಲೇ ಹಾಕಿ.