ಅಳದ ಕಿಡ್ನಿಯನ್ನು ಅಳೆದು ನೋಡಿ

ಮೂಡಿಗೆರೆ ಕಡೆಯ ಕಾಫಿ ತೋಟದ ಮನೆಗಳಲ್ಲಿ ಒಂದು ಹಳೆಯ ರೂಢಿಯಿದೆ. ಬೆಳಿಗ್ಗೆ ಎದ್ದ ಕೂಡಲೇ ಅಂಗಳದ ಮಳೆಮಾಪಕದಲ್ಲಿ ಬಿದ್ದ ನೀರನ್ನು ಅಳತೆಯ ಗಾಜಿಗೆ ಸುರಿದು, ಇಂಚು ಮತ್ತು ಸೆಂಟಿನ ಲೆಕ್ಕದಲ್ಲಿ ಪುಸ್ತಕಕ್ಕೆ ಇಳಿಸುವುದು. ಅಪ್ಪ ಬರೆದ ಪುಸ್ತಕ, ಅಜ್ಜ ಬರೆದ ಪುಸ್ತಕ ಎಂದು ಕಪಾಟಿನಲ್ಲಿ ಜೋಪಾನವಾಗಿ ಇಟ್ಟುಕೊಂಡವರಿದ್ದಾರೆ. ಪೇಟೆಯಲ್ಲಿ ಇಬ್ಬರು ಬೆಳೆಗಾರರು ಎದುರಾದರೆ, ಕ್ಷೇಮ ಸಮಾಚಾರಕ್ಕೂ ಮೊದಲು ಬರುವ ಮಾತು, "ನಿಮ್ಮಲ್ಲೆಷ್ಟು ಬಂತು ಮಾರಾಯ್ರೇ?"

ಕೆಲವು ವರ್ಷಗಳ ಹಿಂದೆ, ಮಳೆಗಾಲ ಹಿಡಿದು ವಾರವಾಗಿದ್ದಾಗ, ಅಂಥದೇ ಪುಸ್ತಕವೊಂದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಸಣ್ಣ ಬೆಳೆಗಾರರೊಬ್ಬರು ನನ್ನ ಕ್ಲಿನಿಕ್ಕಿಗೆ ಬಂದರು. ಎರಡು ತಿಂಗಳ ಹಿಂದಷ್ಟೇ ಅವರಿಗೆ ಕಿಡ್ನಿ ಕಸಿಯಾಗಿತ್ತು. ಕೊಟ್ಟವರು ಅವರ ಅಕ್ಕ. ಅಕ್ಕನೂ ಜೊತೆಯಲ್ಲಿ ಬಂದಿದ್ದರು. ತಮ್ಮ ಪುಸ್ತಕ ಬಿಚ್ಚಿ ನನ್ನ ಮುಂದಿಟ್ಟರು. ಎಡಗಡೆ ಮಳೆಯ ಲೆಕ್ಕ, ಬಲಗಡೆ ದಿನದ ಮೂತ್ರದ ಲೆಕ್ಕ! ಮಳೆ ದಿನದಿಂದ ದಿನಕ್ಕೆ ಏರುತ್ತಿತ್ತು. ಬಲಗಡೆಯ ಅಂಕಿ ಮಾತ್ರ ಇಳಿಯುತ್ತಿತ್ತು. 2,400 ಮಿಲಿಲೀಟರ್ ಇದ್ದದ್ದು 2,100, ಆಮೇಲೆ 1,700, ನಿನ್ನೆ 1,300.

"ನೋವು?" ಎಂದು ಕೇಳಿದೆ.

"ಒಂಚೂರೂ ಇಲ್ಲ ಡಾಕ್ಟ್ರೇ. ಬಲಗಾಲು ಸ್ವಲ್ಪ ದಪ್ಪ ಆಗಿದೆ ಅಷ್ಟೇ. ಹೋಯ್ತು ಬಿಡಿ, ಕಿಡ್ನಿ ಒಗ್ಗಲಿಲ್ಲ ಅಂತ ಕಾಣುತ್ತೆ. ಅಕ್ಕ ಕೊಟ್ಟಿದ್ದು ನೀರುಪಾಲಾಯ್ತು."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ನನ್ನ ಕಿಡ್ನಿಯಲ್ಲೇ ಏನಾದ್ರೂ ದೋಷ ಇತ್ತಾ ಡಾಕ್ಟ್ರೇ?" ಎಂದರು.

ಈ ಎರಡು ಮಾತುಗಳಿಗಾಗಿಯೇ ಈ ವಾರದ ಅಂಕಣ. ಕಸಿಯಾದ ಕಿಡ್ನಿಗೆ ತೊಂದರೆ ಬಂತೆಂದರೆ ನಮ್ಮ ಜನ ಮೊದಲು ಆಡುವ ಮಾತು 'ಒಗ್ಗಲಿಲ್ಲ'. ದೇಹ ಹೊರಗಿನ ಅಂಗವನ್ನು ತಿರಸ್ಕರಿಸುವುದು ನಿಜ. ಅದಕ್ಕಾಗಿಯೇ ಜೀವನವಿಡೀ ಮಾತ್ರೆ ನುಂಗಬೇಕು. ಆದರೆ ಎಲ್ಲ ತೊಂದರೆಯೂ ತಿರಸ್ಕಾರವಲ್ಲ. ಕೆಲವು ಬರೀ ಕೊಳಾಯಿ ಕೆಲಸದ ತೊಂದರೆಗಳು. ಪೈಪು ಸೋರುವುದು, ಕಟ್ಟಿಕೊಳ್ಳುವುದು, ಒತ್ತಿಹೋಗುವುದು. ಇವುಗಳಲ್ಲಿ ಹೆಚ್ಚಿನವನ್ನು ಸರಿಪಡಿಸಬಹುದು, ಸಕಾಲಕ್ಕೆ ಗೊತ್ತಾದರೆ.

ಮೊದಲು ಕಸಿ ಎಂದರೇನೆಂದು ನೋಡೋಣ. ಕೆಟ್ಟ ಕಿಡ್ನಿಗಳನ್ನು ತೆಗೆದು ಅದೇ ಜಾಗದಲ್ಲಿ ಹೊಸತನ್ನು ಕೂರಿಸುತ್ತಾರೆಂದು ಹಲವರ ಕಲ್ಪನೆ. ಹಾಗಲ್ಲ. ಹಳೆಯವು ಸಾಮಾನ್ಯವಾಗಿ ಬೆನ್ನಿನ ಬದಿಯಲ್ಲಿ ಇದ್ದಲ್ಲೇ ಇರುತ್ತವೆ. ಹೊಸದನ್ನು ಕಿಬ್ಬೊಟ್ಟೆಯ ಒಂದು ಬದಿಯಲ್ಲಿ, ಹೆಚ್ಚಾಗಿ ಬಲಗಡೆ, ಇಡುತ್ತಾರೆ. ಅಲ್ಲಿ ಮೂರು ಜೋಡಣೆಗಳು. ಕಿಡ್ನಿಯ ಶುದ್ಧ ರಕ್ತನಾಳವನ್ನೂ ಅಶುದ್ಧ ರಕ್ತನಾಳವನ್ನೂ ಕಾಲಿನ ಕಡೆಗೆ ಹೋಗಿಬರುವ ದೊಡ್ಡ ನಾಳಗಳಿಗೆ ಹೊಲಿಯುತ್ತಾರೆ. ಮೂತ್ರನಾಳವನ್ನು ಮೂತ್ರಕೋಶಕ್ಕೆ ಹೊಲಿಯುತ್ತಾರೆ. ಮಾವಿಗೋ ಕಿತ್ತಳೆಗೋ ಕಸಿ ಕಟ್ಟಿದವರಿಗೆ ಗೊತ್ತು, ಎಲ್ಲವೂ ನಿಂತಿರುವುದು ಜೋಡಣೆಯ ಮೇಲೆ.

ರಕ್ತನಾಳ ಹೊಲಿಯುವ ವಿದ್ಯೆಯನ್ನು ಜಗತ್ತಿಗೆ ಕಲಿಸಿದ್ದು ಫ್ರಾನ್ಸಿನ ಅಲೆಕ್ಸಿ ಕ್ಯಾರೆಲ್. ಅದಕ್ಕಾಗಿ 1912ರಲ್ಲಿ ಅವರಿಗೆ ನೊಬೆಲ್ ಬಂತು. ಆ ಹೊಲಿಗೆಯ ಬಲದಿಂದಲೇ 1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರಿಯವರ ತಂಡ ಅವಳಿ ಅಣ್ಣತಮ್ಮಂದಿರ ನಡುವೆ ಮೊದಲ ಯಶಸ್ವಿ ಕಿಡ್ನಿ ಕಸಿ ನಡೆಸಿತು. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆ ಇದನ್ನು ಸಾಧಿಸಿತು. ಇಂದು ಬೆಂಗಳೂರಿನಲ್ಲಿ ಸರ್ಕಾರದ್ದೇ ಆದ ನೆಫ್ರೋ ಯುರಾಲಜಿ ಸಂಸ್ಥೆಯಲ್ಲೂ ಕಸಿ ನಡೆಯುತ್ತದೆ.

ಇನ್ನು ತೊಂದರೆಗಳ ವಿಚಾರ. ತುಂಬ ಭಯಪಡಬೇಕಾದದ್ದು ರಕ್ತನಾಳ ಹೆಪ್ಪುಗಟ್ಟುವುದು. ನೂರು ಕಸಿಗಳಲ್ಲಿ ಒಂದೆರಡಕ್ಕೆ ಹೀಗಾಗುವುದುಂಟು. ಸಾಮಾನ್ಯವಾಗಿ ಮೊದಲ ಕೆಲವು ದಿನಗಳಲ್ಲಿ, ರೋಗಿ ಆಸ್ಪತ್ರೆಯಲ್ಲಿ ಇರುವಾಗಲೇ ಆಗುತ್ತದೆ. ಚೆನ್ನಾಗಿ ಹೋಗುತ್ತಿದ್ದ ಮೂತ್ರ ಥಟ್ಟನೆ ನಿಂತುಬಿಡುತ್ತದೆ. ರಕ್ತವಿಲ್ಲದ ಕಿಡ್ನಿ ಹೆಚ್ಚು ಹೊತ್ತು ಬದುಕದು. ಆಗ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ನರ್ಸಮ್ಮ ಗಂಟೆಗೊಮ್ಮೆ ಬಂದು ಮೂತ್ರದ ಚೀಲ ನೋಡಿ ಬರೆದುಕೊಳ್ಳುವುದು ಸುಮ್ಮನೆ ಅಲ್ಲ.

ಎರಡನೆಯದು ಮೂತ್ರನಾಳದ ತೊಂದರೆ. ನೂರರಲ್ಲಿ ಐದಾರು ಮಂದಿಗೆ ಬರಬಹುದು. ದಾನಿಯಿಂದ ತೆಗೆದ ಮೂತ್ರನಾಳದ ತುದಿಗೆ ರಕ್ತ ಸಿಗುವುದು ಮೇಲಿನಿಂದ, ಕಿಡ್ನಿಯ ನಾಳದಿಂದ ಮಾತ್ರ. ಕಾಲುವೆಯ ಕೊನೆಯ ಗದ್ದೆಗೆ ನೀರು ಮುಟ್ಟಿದಂತೆ, ತುದಿಗೆ ರಕ್ತ ಸಾಲದೆ ಬಂದರೆ ಅದು ಸೊರಗುತ್ತದೆ. ಮೊದಲ ವಾರಗಳಲ್ಲಾದರೆ ಸೋರುತ್ತದೆ, ತಿಂಗಳುಗಳ ಮೇಲಾದರೆ ಕಿರಿದಾಗಿ ಕಟ್ಟುತ್ತದೆ. ಇದನ್ನು ತಡೆಯಲೆಂದು ಎಷ್ಟೋ ಕಡೆ ಒಳಗೆ ತೆಳ್ಳನೆಯ ಪ್ಲಾಸ್ಟಿಕ್ ಕೊಳವೆ, ಅಂದರೆ ಸ್ಟೆಂಟ್, ಇಟ್ಟಿರುತ್ತಾರೆ. ಕೆಲವು ವಾರಗಳಾದ ಮೇಲೆ ಅದನ್ನು ತೆಗೆಸಲೇಬೇಕು. ಬಿಟ್ಟರೆ ಅದರ ಮೇಲೆ ಸುಣ್ಣ ಕಟ್ಟಿ, ಕಲ್ಲಾಗಿ, ಸೋಂಕು ತಗಲುತ್ತದೆ. 'ಮಳೆ ನಿಲ್ಲಲಿ', 'ಕೊಯ್ಲು ಮುಗಿಯಲಿ' ಎಂದು ಸ್ಟೆಂಟಿನ ದಿನವನ್ನು ಮುಂದೆ ಹಾಕಬೇಡಿ. ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಬರೆದಿಡಿ.

ಮೂರನೆಯದು ನಮ್ಮ ಬೆಳೆಗಾರರಿಗೆ ಬಂದದ್ದು. ದೊಡ್ಡ ರಕ್ತನಾಳಗಳ ಸುತ್ತ ದುಗ್ಧರಸ ಅಥವಾ ಲಿಂಫ್ ಎನ್ನುವ ತಿಳಿನೀರು ಹರಿಯುವ ಸೂಕ್ಷ್ಮ ನಾಳಗಳಿವೆ. ಶಸ್ತ್ರಚಿಕಿತ್ಸೆಯಲ್ಲಿ ಅವು ತುಂಡಾದರೆ ಆ ನೀರು ನಿಧಾನವಾಗಿ ಜಿನುಗಿ, ಕಿಡ್ನಿಯ ಪಕ್ಕದಲ್ಲಿ ಕೆರೆಯಂತೆ ನಿಲ್ಲುತ್ತದೆ. ಕೆಲವು ವಾರ, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತದೆ. ಸಣ್ಣದಾದರೆ ತಾನಾಗಿ ಇಂಗುತ್ತದೆ. ದೊಡ್ಡದಾದರೆ ಮೂತ್ರನಾಳವನ್ನೂ ಕಾಲಿನ ರಕ್ತನಾಳವನ್ನೂ ಒತ್ತುತ್ತದೆ. ಅದಕ್ಕೇ ಇವರಿಗೆ ಮೂತ್ರ ಕಡಿಮೆ, ಅದೇ ಬದಿಯ ಕಾಲು ದಪ್ಪ.

ಸರಿ, ನೋವೇಕೆ ಇರಲಿಲ್ಲ? ಇದೇ ಮುಖ್ಯವಾದ ಮಾತು. ಕಸಿಯಲ್ಲಿ ರಕ್ತನಾಳಗಳನ್ನು ಜೋಡಿಸುತ್ತಾರೆ, ಮೂತ್ರನಾಳವನ್ನು ಜೋಡಿಸುತ್ತಾರೆ. ನರಗಳನ್ನು ಜೋಡಿಸುವುದಿಲ್ಲ. ನಮ್ಮ ಹುಟ್ಟು ಕಿಡ್ನಿಯಲ್ಲಿ ಕಲ್ಲು ಸಿಕ್ಕಿಕೊಂಡರೆ ಮನುಷ್ಯ ನೆಲದಲ್ಲಿ ಹೊರಳಾಡುತ್ತಾನೆ. ಕಸಿ ಕಿಡ್ನಿಯ ನಾಳ ಪೂರ್ತಿ ಕಟ್ಟಿದರೂ ಆ ಬಗೆಯ ನೋವು ಬರುವುದಿಲ್ಲ. ಅದು ಅಳಲಾರದ ಮಗು. ಅತ್ತಾಗ ಹಾಲು ಕೊಡುತ್ತೇನೆಂದು ಕೂತರೆ ಮಗು ಉಳಿಯದು. ಅಳದ ಕಿಡ್ನಿಯನ್ನು ಅಳೆದೇ ನೋಡಬೇಕು.

ಆ ದಿನವೇ ಸ್ಕ್ಯಾನಿಂಗ್ ಮಾಡಿಸಿದೆವು. ಕಿಡ್ನಿಯ ಪಕ್ಕದಲ್ಲಿ ಕಪ್ಪು ನೀರಿನ ಚೀಲ ಸ್ಪಷ್ಟವಾಗಿ ಕಂಡಿತು. ಕಸಿ ಮಾಡಿದ ಆಸ್ಪತ್ರೆಗೆ ಫೋನು ಮಾಡಿ ಕಳಿಸಿದೆ. ಅಲ್ಲಿ ಸೂಜಿಯಿಂದ ನೀರು ತೆಗೆದು ಪರೀಕ್ಷಿಸಿದರು. ಅದರಲ್ಲಿ ಕ್ರಿಯಾಟಿನಿನ್ ರಕ್ತದಲ್ಲಿ ಇರುವಷ್ಟೇ ಇದ್ದರೆ ದುಗ್ಧರಸ, ಬಹಳ ಹೆಚ್ಚಿದ್ದರೆ ಸೋರಿದ ಮೂತ್ರ. ಇದು ದುಗ್ಧರಸವೇ. ಮತ್ತೆ ತುಂಬಿಕೊಂಡಾಗ, ಹೊಟ್ಟೆಗೆ ಸಣ್ಣ ತೂತು ಹಾಕಿ ಲ್ಯಾಪರೋಸ್ಕೋಪಿನಿಂದ ಆ ಚೀಲದ ಗೋಡೆಯಲ್ಲಿ ಕಿಂಡಿ ಮಾಡಿ, ನೀರು ಉದರದ ಒಳಗೆ ಹರಿದು ಅಲ್ಲೇ ಹೀರಿಹೋಗುವಂತೆ ಮಾಡಿದರು. "ತೋಟದಲ್ಲಿ ನೀರು ನಿಂತಾಗ ನಾವು ಬಸಿಗಾಲುವೆ ಹೊಡೀತೀವಲ್ಲ, ಅಷ್ಟೇ ಕಣಕ್ಕಾ" ಎಂದು ಅವರು ಅಕ್ಕನಿಗೆ ವಿವರಿಸಿದ್ದನ್ನು ಆಮೇಲೆ ಕೇಳಿ ನಕ್ಕೆ. ನಾನು ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ.

ಎಲ್ಲ ಕಿಡ್ನಿಯೂ ಮನೆಯವರಿಂದಲೇ ಬರುವುದಿಲ್ಲ. ನಮ್ಮ ಜಿಲ್ಲೆಯ ಕಡೂರು ತಾಲ್ಲೂಕಿನವರೇ ಆದ ನಟ ಸಂಚಾರಿ ವಿಜಯ್ 2021ರ ಜೂನಿನಲ್ಲಿ ಅಪಘಾತದಿಂದ ಮೆದುಳು ನಿಷ್ಕ್ರಿಯರಾದಾಗ, ಅವರ ಮನೆಯವರು ಅಂಗಾಂಗ ದಾನ ಮಾಡಿದ್ದು ನಿಮಗೆ ನೆನಪಿರಬಹುದು. ಹಾಗೆ ಬಂದ ಕಿಡ್ನಿ ಮಂಜಿನಲ್ಲಿ ಕೆಲವು ಗಂಟೆ ಕಳೆದು ಬಂದಿರುತ್ತದೆ. ಎಷ್ಟೋ ಸಲ ಎಚ್ಚರವಾಗಲು ಕೆಲವು ದಿನ ಬೇಕು, ಅಲ್ಲಿಯವರೆಗೆ ಡಯಾಲಿಸಿಸ್ ಮುಂದುವರಿಯುತ್ತದೆ. ಅದನ್ನು ಕಂಡು ಕಸಿ ಕೆಟ್ಟಿತೆಂದು ತಿಳಿಯಬಾರದು.

ಮಲೆನಾಡಿನವರಿಗೆ ಇನ್ನೊಂದು ಕಷ್ಟವಿದೆ. ಮೂಡಿಗೆರೆಯಿಂದ ಮಂಗಳೂರಿಗೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ, ನಡುವೆ ಚಾರ್ಮಾಡಿ ಘಾಟಿ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಆ ದಾರಿಯೇ ಮುಚ್ಚಿತ್ತು. ಬೆಂಗಳೂರಿಗೆ ಹಾಸನದ ಮೇಲೆ ಸುಮಾರು ಇನ್ನೂರೈವತ್ತು ಕಿಲೋಮೀಟರು. ಆದ್ದರಿಂದ ಕಸಿಯಾದ ಮೊದಲ ತಿಂಗಳುಗಳಲ್ಲಿ, ವೈದ್ಯರು ಹೇಳುವಷ್ಟು ಕಾಲ, ಆಸ್ಪತ್ರೆಯ ಹತ್ತಿರ ನೆಂಟರ ಮನೆಯಲ್ಲೋ ಬಾಡಿಗೆ ಕೋಣೆಯಲ್ಲೋ ಇರುವುದು ಕ್ಷೇಮ. ಊರಿಗೆ ಬಂದ ಮೇಲೆ ಒಂದು ಅಳತೆಯ ಜಗ್ಗು, ಒಂದು ತೂಕದ ಯಂತ್ರ, ಬಿ.ಪಿ. ನೋಡುವ ಸಾಧನ, ಥರ್ಮಾಮೀಟರ್ ಮನೆಯಲ್ಲಿರಲಿ.

ಮೂತ್ರ ಕಡಿಮೆಯಾದರೆ, ಎರಡು ಮೂರು ದಿನದಲ್ಲಿ ತೂಕ ಏರಿದರೆ, ಜ್ವರ ಬಂದರೆ, ಹೊಲಿಗೆಯ ಜಾಗ ಒದ್ದೆಯಾದರೆ, ಕಸಿಯ ಬದಿಯ ಕಾಲು ಬಾತರೆ ಅಂದೇ ಫೋನು ಮಾಡಿ. ಎಷ್ಟು ಮಾತ್ರೆ ಕೊಟ್ಟರೂ ಬಿ.ಪಿ. ಬಗ್ಗದಿದ್ದರೆ ಕಿಡ್ನಿಗೆ ಹೋಗುವ ರಕ್ತನಾಳ ಕಿರಿದಾಗಿರಬಹುದು. ಅದಕ್ಕೂ ಬಲೂನು ಹಾಕಿ ಹಿಗ್ಗಿಸುವ ಚಿಕಿತ್ಸೆಯಿದೆ. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ನೀವೇ ತಂದು ನುಂಗಬೇಡಿ, ಅವು ಕಿಡ್ನಿಗೆ ವಿಷ. ಬೀಡಿ ಸಿಗರೇಟು ಬೇಡವೇ ಬೇಡ, ಗಾಯ ಮಾಯದಂತೆ ಮಾಡುತ್ತವೆ.

ಅಕ್ಕನ ಪ್ರಶ್ನೆಗೆ ಅವತ್ತೇ ಉತ್ತರ ಕೊಟ್ಟಿದ್ದೆ. "ನಿಮ್ಮ ಕಿಡ್ನಿಯಲ್ಲಿ ಏನೂ ದೋಷವಿಲ್ಲಮ್ಮ. ಅದು ಚೆನ್ನಾಗೇ ಕೆಲಸ ಮಾಡ್ತಿದೆ, ನೀರು ಹೋಗೋಕೆ ದಾರಿ ಇಲ್ಲ ಅಷ್ಟೇ." ನಂಬಿದರೋ ಇಲ್ಲವೋ ತಿಳಿಯದು. ಹದಿನೈದು ದಿನ ಬಿಟ್ಟು ಇಬ್ಬರೂ ಮತ್ತೆ ಬಂದರು. ಈ ಸಲ ಪುಸ್ತಕ ಇದ್ದದ್ದು ಅಕ್ಕನ ಕೈಯಲ್ಲಿ. ಬಲಗಡೆಯ ಅಂಕಣವನ್ನು ಅವರೇ ಬರೆಯಲು ಶುರುಮಾಡಿದ್ದರು. ಹಿಂದಿನ ದಿನದ ಲೆಕ್ಕ 2,300. ಎಡಗಡೆ ಮಳೆಯ ಲೆಕ್ಕ ಮೂರು ದಿನದಿಂದ ಖಾಲಿ ಬಿದ್ದಿತ್ತು.

"ಮಳೆ ಬರೆದಿಲ್ವಲ್ಲಮ್ಮ?" ಎಂದೆ.

"ಅದು ಹೇಗೂ ಬರುತ್ತೆ ಬಿಡಿ ಡಾಕ್ಟ್ರೇ" ಎಂದರು.